ದೃಶ್ಯದರ್ಶನವೂ ಭೂಜ್ಞಾನವೂ

ಅಗ್ನಿಪರ್ವತದ ಬಾಯಲ್ಲಿ ನೀರು ನಿಂತು ಉಂಟಾದ ಸರೋವರಗಳನ್ನು ಕಾಣಲು ಈಗ ನಮ್ಮವರೂ ಸುಮಾತ್ರದ ತೋಬಾಕ್ಕೆ, ಬಾಲಿಯ ಬಾತೂರಿಗೆ ಹೋಗಿಬರುತ್ತಾರೆ. ದೋಣಿಯಲ್ಲಿ ವಿಹರಿಸುತ್ತಾರೆ, ನಸುಕಿನಲ್ಲಿ ಶಿಖರವನ್ನೇರಿ ಸೂರ್ಯೋದಯವನ್ನು ನೋಡುತ್ತಾರೆ. ಇದು ಸಂತೋಷದ ಸಂಗತಿಯೇ. ಆದರೆ ಚೆಲುವಿಗಾಗಿಯೂ ಸಾಹಸಕ್ಕಾಗಿಯೂ ಒಂದು ಸೀಮೆಗೆ ಹೋಗತಕ್ಕವನು ಆ ನೆಲ ಹುಟ್ಟಿದ ಬಗೆಯನ್ನು ಅರಿಯಬೇಕಾದುದು ಅಗತ್ಯವೇ, ಅಥವಾ ಅದು ಭೂವಿಜ್ಞಾನಿಗಳಿಗೆ ಬಿಟ್ಟ ವಿಷಯವೇ ಎಂಬ ಪ್ರಶ್ನೆ ವಿಚಾರಾರ್ಹವಾದುದು. ಅಗತ್ಯವೆಂಬುದೇ ನನ್ನ ಪಕ್ಷ. ಅದಕ್ಕೆ ಸಾಕ್ಷಿಯಾಗಿ ಐಹೊಳೆಯ ಬೆಟ್ಟವನ್ನು ಮುಂದಿಡುತ್ತೇನೆ.

ಸೌಂದರ್ಯಾನುಭವಕ್ಕೆ ಶಾಸ್ತ್ರಜ್ಞಾನ ಬೇಡ, ಖಗೋಳವನ್ನೋದದ ಮಗುವೂ ಚಂದ್ರನನ್ನು ಕಂಡು ಕೈಚಾಚುವುದಿಲ್ಲವೇ ಎಂದು ಕೆಲವರು ಆಕ್ಷೇಪಿಸುವರು. ಪ್ರಥಮ ದರ್ಶನದ ಹರ್ಷಕ್ಕೆ ಜ್ಞಾನ ಬೇಡವೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಆ ಹರ್ಷ ಬೇಗನೆ ತೀರುವಂಥದು. ಫೋಟೋ ತೆಗೆದಾದ ಮೇಲೆ ಕಣ್ಣು ಮುಂದಿನ ತಾಣವನ್ನು ಹುಡುಕತೊಡಗುತ್ತದೆ. ಮಹಾರಾಷ್ಟ್ರದ ಬುಲಢಾಣಾ ಜಿಲ್ಲೆಯ ಲೋಣಾರ್ ಸರೋವರವನ್ನು ತೆಗೆದುಕೊಳ್ಳಿ. ಜ್ವಾಲಾಮುಖಿಯ ಕಲ್ಲಿನಲ್ಲಿ, ಸುಮಾರು 1.8 ಕಿಲೋಮೀಟರು ಅಗಲದ ಬಟ್ಟಲಲ್ಲಿ, ಉಪ್ಪುನೀರು ತುಂಬಿಕೊಂಡಿರುವ ಆ ಕೊಳವನ್ನು ಬಹುಕಾಲ ಅನೇಕರು ಅಗ್ನಿಪರ್ವತದ ಬಾಯೆಂದೇ ನಂಬಿದ್ದರು. 1970ರ ದಶಕದಲ್ಲಿ, ಭಾರಿ ಆಘಾತದಿಂದಲ್ಲದೆ ಬೇರೆ ರೀತಿಯಲ್ಲಿ ಉಂಟಾಗದ ಗಾಜಿನಂಥ ಖನಿಜ ಅಲ್ಲಿ ದೊರೆತ ಮೇಲೆ, ಅದು ಆಕಾಶದಿಂದ ಬಿದ್ದ ಉಲ್ಕೆ ಮಾಡಿದ ಗಾಯವೆಂದು ಸ್ಥಿರಪಟ್ಟಿತು. ದಡ ಬದಲಾಗಲಿಲ್ಲ, ನೀರೂ ಬದಲಾಗಲಿಲ್ಲ. ಆದರೂ ಈ ವಿಷಯವನ್ನು ತಿಳಿದು ಅಂಚಿನಲ್ಲಿ ನಿಂತವನು, ತಿಳಿಯದೆ ನಿಂತವನು ಕಂಡುದನ್ನೇ ಕಾಣುತ್ತಾನೆಂದು ಹೇಳಲಾದೀತೇ?

ತೋಬಾದ ಮಾತೂ ಹಾಗೆಯೇ. ಸುಮಾರು 74,000 ವರ್ಷಗಳ ಹಿಂದೆ ಅದು ಸಿಡಿದಾಗ ಎದ್ದ ಬೂದಿ ಬಂಗಾಳಕೊಲ್ಲಿಯನ್ನು ದಾಟಿ ಭಾರತದ ಮೇಲೂ ಬಿದ್ದಿತು. ನಮ್ಮ ನೆರೆಯ ಕರ್ನೂಲು ಸೀಮೆಯ ಜ್ವಾಲಾಪುರದಲ್ಲಿ ಆ ಬೂದಿಯ ಪದರ ಇಂದಿಗೂ ಇದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಅವರೂ ಅವರ ವಿದೇಶೀ ಸಹಸಂಶೋಧಕರೂ ಅಲ್ಲಿ ಬೂದಿಯ ಕೆಳಗೂ ಮೇಲೂ ಮನುಷ್ಯರ ಕಲ್ಲಿನ ಆಯುಧಗಳನ್ನು ಕಂಡರು. ಇದನ್ನರಿತ ಕನ್ನಡಿಗನಿಗೆ ತೋಬಾ ಪರದೇಶದ ನೀಲಿ ನೀರು ಮಾತ್ರವಾಗಿ ಉಳಿಯಲಾರದು.

ಕರ್ನಾಟಕದಲ್ಲಿ ಅಗ್ನಿಪರ್ವತದ ಸರೋವರವಿಲ್ಲ. ಅಗ್ನಿಯಿಂದ ಹುಟ್ಟಿದ ನೆಲ ಮಾತ್ರ ಧಾರಾಳವಾಗಿದೆ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ದಖ್ಖನಿನ ಉದ್ದುದ್ದ ಬಿರುಕುಗಳಿಂದ ಉಕ್ಕಿದ ಲಾವಾರಸ ಪದರಪದರವಾಗಿ ಹರಡಿ, ತನ್ನ ದಕ್ಷಿಣದ ಅಂಚನ್ನು ವಿಜಯಪುರ ಜಿಲ್ಲೆಗೂ ಬಾಗಲಕೋಟೆಯ ಉತ್ತರಭಾಗಕ್ಕೂ ಚಾಚಿತು. ಗೋಳಗುಮ್ಮಟದ ಕಪ್ಪುಬೂದು ಕಲ್ಲು ಆ ಲಾವಾರಸವೇ. ಬಹುಮಟ್ಟಿಗೆ ಬಿರುಕುಗಳ ಮೂಲಕ ಉಕ್ಕಿದುದರಿಂದಲೇ ಇಲ್ಲಿ ಶಂಕುವಿನಾಕಾರದ ಪರ್ವತವೂ ಇಲ್ಲ, ಅದರ ಬಾಯಲ್ಲಿ ನಿಂತ ಕೊಳವೂ ಇಲ್ಲ.

ಆ ಕರಿಯ ಸೀಮೆಯಿಂದ ದಕ್ಷಿಣಕ್ಕೆ ಬಂದು ಮಲಪ್ರಭೆಯನ್ನು ಸಮೀಪಿಸಿದೊಡನೆ ಕಲ್ಲು ಕೆಂಪಾಗುತ್ತದೆ. ಇದು ಬೆಂಕಿಯ ಕೆಲಸವಲ್ಲ, ನೀರಿನ ಕೆಲಸ. ನೆಲದ ಮೇಲೆ ಹುಲ್ಲುಕಡ್ಡಿಯೂ ಮೊಳೆಯದಿದ್ದ ಪುರಾತನ ಕಾಲದಲ್ಲಿ ಹರಿಯುವ ನೀರು ತಂದು ಸುರಿದ ಮರಳು ಗಟ್ಟಿಯಾಗಿ ಈ ಬೆಟ್ಟಗಳಾದುವು. ಇದೇ ಬಾಗಲಕೋಟೆ ಜಿಲ್ಲೆಯ ಕಲಾದಗಿಯ ಹೆಸರನ್ನು ಈ ಶಿಲಾಸಮೂಹಕ್ಕೆ ಕೊಟ್ಟವನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫುಟ್. ಬಾದಾಮಿಯ ಕಡಿದಾದ ಬಂಡೆಯನ್ನು ಹತ್ತಿರದಿಂದ ನೋಡಿದರೆ, ಅಡ್ಡಪದರಗಳ ನಡುವೆ ಒಂದೇ ಕಡೆಗೆ ವಾಲಿದ ಸಣ್ಣ ಓರೆಗೆರೆಗಳು ಸಾಲಾಗಿ ಕಾಣುತ್ತವೆ. ಅಂದಿನ ಪ್ರವಾಹ ಯಾವ ದಿಕ್ಕಿಗೆ ಹರಿಯಿತೆಂಬುದಕ್ಕೆ ಅವೇ ಲಿಖಿತ. ಅದರ ಬುಡದ ಅಗಸ್ತ್ಯತೀರ್ಥವಾದರೋ ಭೂಗರ್ಭದ ಕೊಡುಗೆಯಲ್ಲ, ಎರಡು ಬೆಟ್ಟಗಳ ನಡುವಿನ ಮಳೆನೀರನ್ನು ಮನುಷ್ಯರು ಏರಿ ಕಟ್ಟಿ ನಿಲ್ಲಿಸಿದ ಕೆರೆ. ಮಳೆಗಾಲದಲ್ಲಿ ಅಕ್ಕ-ತಂಗಿ ಜಲಪಾತಗಳು ಧುಮುಕುವುದನ್ನು ಕಂಡವರಿಗೆ ಏರಿ ಕಟ್ಟಿದವರ ಜಾಣ್ಮೆ ತಾನಾಗಿ ಮನದಟ್ಟಾಗುತ್ತದೆ.

ಇನ್ನು ಸಾಹಸದ ವಿಷಯ. ಶಿಲ್ಪಕ್ಷೇತ್ರದಲ್ಲಿ ಹಗ್ಗ ಹಿಡಿದು ಬಂಡೆ ಹತ್ತುವವರಿಗೇನು ಕೆಲಸವೆಂದು ಬೇಸರಪಡುವ ರಸಿಕರಿದ್ದಾರೆ. ಸ್ಮಾರಕಗಳನ್ನೂ ಚಿತ್ರಗಳಿರುವ ಬಂಡೆಗಳನ್ನೂ ಮುಟ್ಟದಿರುವವರೆಗೆ ಅವರ ಬೇಸರದಲ್ಲಿ ನನಗೆ ಪಾಲಿಲ್ಲ. ಈ ಕಲ್ಲನ್ನು ಮೊದಲು ಅರಿತವರು ಕಣ್ಣಿನಿಂದಲ್ಲ, ಕೈಯಿಂದಲೇ ಅರಿತರು. ಪದರಗುಂಟ ಹಲಗೆಯಂತೆ ಸೀಳುವ ಅದರ ಗುಣವನ್ನು ಕಂಡುಕೊಂಡಿದ್ದರಿಂದಲೇ ಇತಿಹಾಸಪೂರ್ವದ ಜನ ಐಹೊಳೆಯ ಮೇಗುಟಿ ಬೆಟ್ಟದ ಮೇಲೆ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದನ್ನು ಹೊದಿಸಿ, ತಮ್ಮವರಿಗೆ ಗೋರಿಗಳನ್ನು ಕಟ್ಟಿದರು. ಅನಂತರದ ಶಿಲ್ಪಿಗಳು ಲಾಡಖಾನ್ ಗುಡಿಗೆ ಇಳಿಜಾರಾದ ಕಲ್ಲುಹಾಸಿನ ಮಾಡನ್ನು ಹೊದಿಸಿದರು. ಅದೇ ಬೆಟ್ಟದ ನೆತ್ತಿಯ ಮೇಲೆ ರವಿಕೀರ್ತಿ 634ರಲ್ಲಿ ಜಿನಾಲಯವನ್ನು ಕಟ್ಟಿಸಿ, ಇಮ್ಮಡಿ ಪುಲಕೇಶಿಯ ಪ್ರಶಸ್ತಿಯನ್ನು ಅದರ ಗೋಡೆಯಲ್ಲಿ ಕೊರೆಯಿಸಿದನು. ಪದರಗಳ ಸಂದಿನಲ್ಲಿ ಬೆರಳೂರಿ ಮೇಲೇರುವ ಇಂದಿನ ತರುಣನೂ ಆ ಗುಣವನ್ನೇ ನೆಚ್ಚಿದ್ದಾನೆ. ಆದರೆ ತಾನು ನೆಚ್ಚಿರುವುದು ಯಾವುದನ್ನೆಂದು ಅವನಿಗೆ ಗೊತ್ತಿರಬೇಕು. ಮರಳುಗಲ್ಲು ನೀರು ಕುಡಿದಾಗ ಕಣಗಳ ಬಿಗಿ ಸಡಿಲವಾಗುತ್ತದೆ. ಬೇಸಗೆಯಲ್ಲಿ ಆಳಿನ ಭಾರವನ್ನು ತಾಳಿದ ಅಂಚು ಮಳೆಯ ಮರುದಿನ ಕೈಯಲ್ಲಿಯೇ ಮುರಿದುಬರಬಹುದು. ಅರಿತವರು ಕಲ್ಲು ಒಳಗಿನಿಂದ ಒಣಗುವವರೆಗೆ ಅದನ್ನು ಮುಟ್ಟುವುದಿಲ್ಲ. ಭೂಜ್ಞಾನ ಇಲ್ಲಿ ಅಲಂಕಾರವಲ್ಲ. ಮನುಷ್ಯನ ಜೀವವನ್ನೂ ಬಂಡೆಯ ರೂಪವನ್ನೂ ಒಟ್ಟಿಗೆ ಕಾಯುವಂಥದು.

ನಮ್ಮ ಪ್ರವಾಸಿಗಳಲ್ಲಿ ಬಹುಮಂದಿ ಐಹೊಳೆಯಲ್ಲಿ ದುರ್ಗಾ ಗುಡಿಯ ಗಜಪೃಷ್ಠವನ್ನೂ ರಾವಣಫಡಿಯ ನಟರಾಜನನ್ನೂ ನೋಡಿ, ಪಟ್ಟದಕಲ್ಲಿಗೆ ಹೊತ್ತಾಯಿತೆಂದು ಹೊರಟುಬಿಡುತ್ತಾರೆ. ಅರಸರ ಹೆಸರನ್ನು ಒಪ್ಪಿಸುವಷ್ಟು ಉತ್ಸಾಹದಿಂದ ಕಲ್ಲಿನ ಕಥೆಯನ್ನು ಹೇಳುವ ಮಾರ್ಗದರ್ಶಕರೂ ವಿರಳ. ಹುನಗುಂದ, ಇಳಕಲ್ಲು, ಬಾದಾಮಿಗಳ ಶಾಲಾಶಿಕ್ಷಕರು ಮಕ್ಕಳನ್ನು ಕರೆತಂದಾಗ ಈ ಕೊರತೆಯನ್ನು ತುಂಬಬಹುದು. ಓದುಗರಲ್ಲಿಯೂ ನನ್ನ ಬೇಡಿಕೆ ಇಷ್ಟೇ: ಮುಂದಿನ ಸಲ ಐಹೊಳೆಗೆ ಹೋದಾಗ ಮೇಗುಟಿಯ ಮೆಟ್ಟಿಲುಗಳನ್ನು ಹತ್ತಿ, ಶಾಸನವನ್ನು ನೋಡಿದ ಮೇಲೆ ಹಿಂದಿರುಗದೆ ಆ ಗೋರಿಗಳವರೆಗೆ ನಡೆದು, ಅವುಗಳ ಚಪ್ಪಡಿಯನ್ನೂ ಕಾಲಡಿಯ ಹಾಸುಬಂಡೆಯನ್ನೂ ಹೋಲಿಸಿ ನೋಡಿರಿ.