ಭುಜದ ಮೇಲಿನ ನಕ್ಷತ್ರ, ಕೈಯಲ್ಲಿನ ಪದವಿ

ಸಶಸ್ತ್ರ ಪಡೆಗಳ ವೈದ್ಯಕೀಯ ಸೇವೆಗೆ ಶಾರ್ಟ್ ಸರ್ವಿಸ್ ಕಮಿಷನ್ ಮೂಲಕ ವೈದ್ಯರನ್ನು ಆಹ್ವಾನಿಸುವ ಪ್ರಕಟಣೆಗಳು ಪತ್ರಿಕೆಗಳಲ್ಲಿ ಆಗಾಗ್ಗೆ ಬರುತ್ತವೆ. ಇತ್ತೀಚಿನ ವರ್ಷಗಳ ಪ್ರಕಟಣೆಗಳಲ್ಲಿ ಎಂಬಿಬಿಎಸ್ ಆದವರಿಗೆ 30, ಸ್ನಾತಕೋತ್ತರ ಡಿಪ್ಲೊಮಾ ಪಡೆದವರಿಗೆ 31, ಸ್ನಾತಕೋತ್ತರ ಪದವೀಧರರಿಗೆ 35 ವರ್ಷಗಳ ವಯೋಮಿತಿಯನ್ನು ನಿಗದಿಪಡಿಸಲಾಗಿದೆ. ವಯೋಮಿತಿ ಬೇರೆ ಬೇರೆಯಾದರೂ ಎಲ್ಲರೂ ಒಳಬರುವ ಬಾಗಿಲು ಸಾಮಾನ್ಯವಾಗಿ ಒಂದೇ, ಕ್ಯಾಪ್ಟನ್ ದರ್ಜೆ. ನೆನ್ನೆ ಮೊನ್ನೆ ಇಂಟರ್ನ್‌ಶಿಪ್ ಮುಗಿಸಿದ ತರುಣನಿಗೂ ಅರಿವಳಿಕೆ ಶಾಸ್ತ್ರದಲ್ಲಿ ಎಂಡಿ ಮಾಡಿ ಬಂದ ತಜ್ಞೆಗೂ ಭುಜದ ಮೇಲೆ ಅದೇ ಮೂರು ನಕ್ಷತ್ರಗಳು. ಹಾಗಾದರೆ ಆಕೆ ಓದಿನಲ್ಲಿ ಕಳೆದ ಹೆಚ್ಚಿನ ವರ್ಷಗಳಿಗೆ ಸೈನ್ಯ ಕಟ್ಟುವ ಬೆಲೆಯೇನು? ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಗಡಿಯಲ್ಲಿ ಗಾಯಗೊಂಡ ಯೋಧನ ಪಕ್ಕದಲ್ಲಿ ಎಂಥ ವೈದ್ಯರಿರುತ್ತಾರೆ ಎಂಬುದು ಬಹುಮಟ್ಟಿಗೆ ಇದರ ಉತ್ತರವನ್ನೇ ಅವಲಂಬಿಸಿದೆ.

ಸರ್ಕಾರಿ ಸೇವೆಯಲ್ಲಿ ದೀರ್ಘಕಾಲ ಜ್ಯೇಷ್ಠತಾ ಪಟ್ಟಿಗಳ ಕಡತಗಳನ್ನು ನೋಡಿದ ನನಗೆ ಒಂದು ವಿಷಯ ಮನದಟ್ಟಾಗಿದೆ. ನೌಕರನಿಗೆ ಸಂಬಳ ಕಡಿಮೆಯಾದರೆ ಬೇಸರವಾಗುತ್ತದೆ. ತನಗಿಂತ ಕಡಿಮೆ ಅರ್ಹತೆಯವನು ಪಟ್ಟಿಯಲ್ಲಿ ತನಗಿಂತ ಮೇಲಿದ್ದಾನೆಂದು ತಿಳಿದರೆ ಅವಮಾನವಾಗುತ್ತದೆ. ದರ್ಜೆಯೇ ಮಾತಿನ ಕ್ರಮವನ್ನೂ ಕೂರುವ ಕ್ರಮವನ್ನೂ ನಿರ್ಧರಿಸುವ ಸೈನ್ಯದಲ್ಲಂತೂ ಈ ಭಾವನೆ ಇನ್ನೂ ತೀವ್ರ.

ವೈದ್ಯರ ಪಾಲಿಗೆ ಸೈನಿಕ ದರ್ಜೆ ತಾನಾಗಿ ಬಂದದ್ದಲ್ಲ. ಬ್ರಿಟಿಷ್ ಸೈನ್ಯದಲ್ಲಿ ವೈದ್ಯರು ಬಹುಕಾಲ ಹೆಸರಿಗಷ್ಟೇ ಅಧಿಕಾರಿಗಳಾಗಿದ್ದರು. ವೈದ್ಯರ ಸಂಘಟನೆಗಳ ನಿರಂತರ ಒತ್ತಾಯದ ನಂತರ, 1898ರಲ್ಲಿ ರಾಯಲ್ ಆರ್ಮಿ ಮೆಡಿಕಲ್ ಕೋರ್ ಸ್ಥಾಪನೆಯಾದಾಗಲೇ ಅವರಿಗೆ ಇತರರಿಗೆ ಸಮನಾದ ಪೂರ್ಣ ಸೈನಿಕ ದರ್ಜೆ ದೊರೆತದ್ದು. ಭಾರತದಲ್ಲಿ ಪದವಿಯೇ ಗೋಡೆಯಾಗಿ ನಿಂತಿತ್ತು. ಇಂಡಿಯನ್ ಮೆಡಿಕಲ್ ಸರ್ವಿಸ್‌ನವರು ಕಮಿಷನ್ ಪಡೆದ ಅಧಿಕಾರಿಗಳಾದರೆ, ಕಡಿಮೆ ಅವಧಿಯ ತರಬೇತಿ ಪಡೆದು ಇಂಡಿಯನ್ ಮೆಡಿಕಲ್ ಡಿಪಾರ್ಟ್‌ಮೆಂಟ್ ಸೇರಿದ ಸಬ್ ಅಸಿಸ್ಟೆಂಟ್ ಸರ್ಜನ್‌ಗಳು ಜಮಾದಾರ, ಸುಬೇದಾರ ದರ್ಜೆಗಳಲ್ಲೇ ಉಳಿಯಬೇಕಿತ್ತು. ಎರಡನೆಯ ಮಹಾಯುದ್ಧದ ಒತ್ತಡದಲ್ಲಿ, 1943ರ ಏಪ್ರಿಲ್ 3ರಂದು ಈ ತುಂಡುಗಳೆಲ್ಲ ಒಂದುಗೂಡಿ ಇಂದಿನ ಆರ್ಮಿ ಮೆಡಿಕಲ್ ಕೋರ್‌ಗೆ ಬುನಾದಿ ಬಿತ್ತು. ನಾಗರಿಕ ಆರೋಗ್ಯ ಕ್ಷೇತ್ರಕ್ಕೂ ದೇಶಕ್ಕೆ ಒಂದೇ ಮಟ್ಟದ ಮೂಲ ವೈದ್ಯ ಸಾಕೆಂದು 1946ರಲ್ಲಿ ಭೋರ್ ಸಮಿತಿ ಶಿಫಾರಸು ಮಾಡಿತು. ಕೆಳಗಿನ ಗೋಡೆ ಹೀಗೆ ಬಿತ್ತು. ಈಗಿನ ಪ್ರಶ್ನೆ ಮೇಲಿನ ಮೆಟ್ಟಿಲಿನದು.

ಮೊದಲು ಕಾಲದ ಲೆಕ್ಕವನ್ನು ನೋಡೋಣ. ಎಂಬಿಬಿಎಸ್ ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ ಒಂದು ವರ್ಷ, ಎಂಡಿ ಅಥವಾ ಎಂಎಸ್ ಮೂರು ವರ್ಷ, ಡಿಎಂ ಅಥವಾ ಎಂಸಿಎಚ್ ಮತ್ತೆ ಮೂರು ವರ್ಷ. ಪ್ರವೇಶ ಪರೀಕ್ಷೆಗಳಿಗಾಗಿ ಕಾಯುವ ದಿನಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ತಜ್ಞ ವೈದ್ಯ ಸೇವೆಗೆ ಸಿದ್ಧನಾಗುವಾಗ 27 ದಾಟಿರುತ್ತಾನೆ. ಸೂಪರ್ ಸ್ಪೆಷಲಿಸ್ಟ್ ಆಗಬೇಕಾದರೆ 30. ಇತ್ತ ಕಾಲಾಳು ಪಡೆಯ ಅಧಿಕಾರಿ 22ರ ಆಸುಪಾಸಿನಲ್ಲಿ ಲೆಫ್ಟಿನೆಂಟ್ ಆಗಿರುತ್ತಾನೆ. ಎ.ವಿ. ಸಿಂಗ್ ಸಮಿತಿಯ ಶಿಫಾರಸಿನಂತೆ 2004ರ ಡಿಸೆಂಬರ್‌ನಿಂದ ಜಾರಿಗೆ ಬಂದ ನಿಯಮದ ಪ್ರಕಾರ ಎರಡು ವರ್ಷಕ್ಕೆ ಕ್ಯಾಪ್ಟನ್, ಆರು ವರ್ಷಕ್ಕೆ ಮೇಜರ್. ಅಂದರೆ ಒಬ್ಬನೇ ವಯಸ್ಸಿನ ಇಬ್ಬರಲ್ಲಿ ಒಬ್ಬ ಮೇಜರ್ ಆಗುವ ಹೊತ್ತಿಗೆ ಇನ್ನೊಬ್ಬ ಕ್ಯಾಪ್ಟನ್ ಆಗಿ ಒಳಗೆ ಕಾಲಿಡುತ್ತಾನೆ. ಆ ಎರಡನೆಯವನು ನಡುವಿನ ವರ್ಷಗಳಲ್ಲಿ ಸುಮ್ಮನೆ ಕುಳಿತಿರಲಿಲ್ಲ. ಸೈನ್ಯಕ್ಕೆ ಅತ್ಯಗತ್ಯವಾದ ವಿದ್ಯೆಯನ್ನೇ ಕಲಿಯುತ್ತಿದ್ದ.

ಈ ಅನ್ಯಾಯವನ್ನು ಸರಿದೂಗಿಸಲು ನಮ್ಮಲ್ಲಿ ಪೂರ್ವಾನ್ವಯ ಜ್ಯೇಷ್ಠತೆಯ ವ್ಯವಸ್ಥೆಯಿದೆ. ಸ್ನಾತಕೋತ್ತರ ಅರ್ಹತೆಯೊಂದಿಗೆ ಬಂದ ವೈದ್ಯರ ಜ್ಯೇಷ್ಠತೆಯನ್ನು ಅವರು ಸೇರಿದ ದಿನದಿಂದಲ್ಲದೆ ಅದಕ್ಕೂ ಹಿಂದಿನ ದಿನಾಂಕದಿಂದ ಎಣಿಸಲಾಗುತ್ತದೆ. ನಕ್ಷತ್ರಗಳು ಅಷ್ಟೇ ಇರುತ್ತವೆ, ಮುಂದಿನ ಬಡ್ತಿ ಬೇಗ ಬರುತ್ತದೆ. ಅಮೆರಿಕದಲ್ಲಿ ಇದೇ ತತ್ತ್ವ ಇನ್ನಷ್ಟು ನಿಚ್ಚಳವಾಗಿದೆ. ಅಲ್ಲಿನ ಸೈನ್ಯಾಧಿಕಾರಿಗಳ ನೇಮಕ, ಬಡ್ತಿಗಳನ್ನು ಕ್ರಮಬದ್ಧಗೊಳಿಸಿದ 1980ರ ಕಾಯ್ದೆಯ ಚೌಕಟ್ಟಿನಲ್ಲಿ ವೈದ್ಯಕೀಯ ಕಾಲೇಜಿನ ನಾಲ್ಕು ವರ್ಷಗಳನ್ನು ನಾಲ್ಕು ವರ್ಷಗಳ ಸೇವೆಯೆಂದೇ ಪರಿಗಣಿಸಲಾಗುತ್ತದೆ. ಇತರರು ಸೆಕೆಂಡ್ ಲೆಫ್ಟಿನೆಂಟ್ ಆಗಿ ಸೇರಿ ಸುಮಾರು ನಾಲ್ಕು ವರ್ಷಗಳಲ್ಲಿ ತಲುಪುವ ಕ್ಯಾಪ್ಟನ್ ದರ್ಜೆಗೆ ಎಂಡಿ ಪದವೀಧರ ನೇರವಾಗಿ ಬರುತ್ತಾನೆ. ನಮ್ಮ ಸ್ನಾತಕೋತ್ತರ ವ್ಯಾಸಂಗಕ್ಕೆ ಸಮನಾದ ರೆಸಿಡೆನ್ಸಿಯ ಪ್ರತಿ ವರ್ಷಕ್ಕೂ ಮತ್ತೊಂದು ವರ್ಷದ ಮಾನ್ಯತೆ ಸೇರುತ್ತದೆ. ಅನುಭವಿ ತಜ್ಞ ಮೇಜರ್ ಆಗಿಯೋ ಇನ್ನೂ ಮೇಲಿನ ದರ್ಜೆಯಲ್ಲಿಯೋ ಪ್ರವೇಶಿಸುವುದು ಅಲ್ಲಿ ಅಪರೂಪವೇನಲ್ಲ. ಆದರೆ ಒಂದೇ ಕಾಲಾವಧಿಯನ್ನು ಎರಡು ಬಾರಿ ಎಣಿಸುವಂತಿಲ್ಲ. ಲೆಕ್ಕಕ್ಕೆ ಬರುವುದು ಪ್ರಮಾಣಪತ್ರಗಳ ಸಂಖ್ಯೆಯಲ್ಲ, ಕಳೆದ ಕಾಲ.

ಈ ವ್ಯತ್ಯಾಸ ಮುಖ್ಯವಾದದ್ದು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಇಲ್ಲಿ ಇಬ್ಬರು ಚಿಂತಕರನ್ನು ನೆನೆಯಬೇಕು. ಶಿಕ್ಷಣವೆಂಬುದು ಮನುಷ್ಯನಲ್ಲಿ ಹೂಡಿದ ಬಂಡವಾಳ, ಅದು ಅವನ ದುಡಿಮೆಯ ಶಕ್ತಿಯನ್ನು ಹೆಚ್ಚಿಸುತ್ತದೆ ಎಂದು ವಾದಿಸಿದವರು ಗ್ಯಾರಿ ಬೆಕರ್. ಪದವಿ ಬಹುಪಾಲು ಒಂದು ಸಂಕೇತವೂ ಹೌದು, ಉದ್ಯೋಗದಾತನಿಗೆ ಕಾಣದ ಸಾಮರ್ಥ್ಯವನ್ನು ಅದು ಸೂಚಿಸುತ್ತದೆ ಎಂದು 1973ರಲ್ಲಿ ತೋರಿಸಿಕೊಟ್ಟವರು ಮೈಕೆಲ್ ಸ್ಪೆನ್ಸ್. ಇಬ್ಬರಿಗೂ ನೊಬೆಲ್ ಪುರಸ್ಕಾರ ಸಂದಿದೆ. ಶಸ್ತ್ರಚಿಕಿತ್ಸಕನ ವಿಷಯದಲ್ಲಿ ಬೆಕರ್ ಅವರ ಮಾತೇ ಹೆಚ್ಚು ಸತ್ಯ, ಏಕೆಂದರೆ ಮೂರು ವರ್ಷ ಆಪರೇಷನ್ ಥಿಯೇಟರಿನಲ್ಲಿ ಪಳಗಿದ ಕೈಗೂ ಪಳಗದ ಕೈಗೂ ಇರುವ ಅಂತರ ಬರಿಯ ಸಂಕೇತವಲ್ಲ. ಆದರೆ ಆ ಪಳಗಿದ ಕೈ ಐವತ್ತು ಜನರ ಘಟಕವನ್ನು ನಡೆಸಬಲ್ಲದು, ಹಿಮಪಾತದಲ್ಲಿ ಗಾಯಾಳುಗಳನ್ನು ಸಾಗಿಸುವ ವ್ಯವಸ್ಥೆ ಮಾಡಬಲ್ಲದು ಎಂಬುದಕ್ಕೆ ಪದವಿ ಯಾವ ಪುರಾವೆಯನ್ನೂ ಕೊಡುವುದಿಲ್ಲ. ದರ್ಜೆ ಅಳೆಯಬೇಕಾದದ್ದು ಅದನ್ನೇ ಅಲ್ಲವೇ?

ತೊಡಕಿನ ಮೂಲ ಇಲ್ಲಿದೆ. ದರ್ಜೆಯೆಂಬ ಒಂದೇ ಅಳತೆಗೋಲಿನಿಂದ ಮೂರು ಬೇರೆ ಬೇರೆ ವಸ್ತುಗಳನ್ನು ಅಳೆಯಲು ನಾವು ಹೊರಟಿದ್ದೇವೆ: ಓದಿನಲ್ಲಿ ಕಳೆದ ಕಾಲ, ಮಾರುಕಟ್ಟೆಯಲ್ಲಿ ತಜ್ಞನಿಗಿರುವ ಬೆಲೆ, ಮುಂದಾಳುತನದ ಯೋಗ್ಯತೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಈ ಮೂರೂ ದರ್ಜೆಯನ್ನು ಮೂರು ದಿಕ್ಕಿಗೆ ಎಳೆಯುತ್ತವೆ.

ಮಾರುಕಟ್ಟೆಯ ಬೆಲೆಯನ್ನೇ ತೆಗೆದುಕೊಳ್ಳಿ. ಏಳನೆಯ ವೇತನ ಆಯೋಗದ ವೇತನ ಕೋಷ್ಟಕದಲ್ಲಿ ಕ್ಯಾಪ್ಟನ್ ಅವರ ಆರಂಭಿಕ ಮೂಲವೇತನ ತಿಂಗಳಿಗೆ 61,300 ರೂಪಾಯಿ, ಮೇಜರ್ ಅವರದು 69,400. ಅಂತರ 8,100 ರೂಪಾಯಿ. ಸೈನಿಕ ಸೇವಾ ವೇತನವಾದ 15,500 ರೂಪಾಯಿ ಇಬ್ಬರಿಗೂ ಒಂದೇ. ಖಾಸಗಿ ವೃತ್ತಿ ನಡೆಸದಿರುವುದಕ್ಕೆ ಕೊಡುವ ಭತ್ಯೆ ಮೂಲವೇತನದ ಶೇಕಡ 20. ಅದು ಪದವಿಯನ್ನು ನೋಡುವುದಿಲ್ಲ, ಮೂಲವೇತನವನ್ನು ಮಾತ್ರ ನೋಡುತ್ತದೆ. ಬೆಂಗಳೂರಿನ ಯಾವುದೇ ದೊಡ್ಡ ಖಾಸಗಿ ಆಸ್ಪತ್ರೆಯ ಹೃದ್ರೋಗ ತಜ್ಞರ ಸಂಪಾದನೆಯನ್ನು ಬಲ್ಲವರಿಗೆ, ಒಂದು ದರ್ಜೆ ಮೇಲೇರಿಸಿದ ಮಾತ್ರಕ್ಕೆ ಅಂಥವರು ಸಮವಸ್ತ್ರ ತೊಡಲು ಮುಂದಾಗುವುದಿಲ್ಲವೆಂದು ಬೇರೆ ಹೇಳಬೇಕಿಲ್ಲ. ನಾಗರಿಕ ಸೇವೆಯಲ್ಲಿಯೂ ಪರಿಸ್ಥಿತಿ ಭಿನ್ನವಲ್ಲ. ಸೇವೆಯಲ್ಲಿದ್ದುಕೊಂಡು ಉನ್ನತ ಪದವಿ ಪಡೆದ ಕೇಂದ್ರ ನೌಕರರಿಗೆ ಕೊಡುವ ಪ್ರೋತ್ಸಾಹಧನವನ್ನು 2019ರಲ್ಲಿ ಹೆಚ್ಚಿಸಿದಾಗಲೂ ಪಿಎಚ್‌ಡಿಗೆ ನಿಗದಿಯಾದದ್ದು ಒಮ್ಮೆ ಮಾತ್ರ ಕೊಡುವ 30,000 ರೂಪಾಯಿ. ಪದವಿಯನ್ನು ಮಾತಿನಲ್ಲಿ ಗೌರವಿಸುವ ನಮ್ಮ ಆಡಳಿತ ಬೆಲೆ ಕಟ್ಟುವಾಗ ಕೈ ಬಿಗಿಹಿಡಿಯುತ್ತದೆ.

ಹಾಗೆಂದು ಪದವಿಗೇ ಎಲ್ಲ ಬಡ್ತಿಯನ್ನೂ ಕಟ್ಟಿಹಾಕಿದರೆ ಏನಾಗುತ್ತದೆ? ಸಿಯಾಚಿನ್‌ನಂಥ ಎತ್ತರದ ಠಾಣೆಗಳಲ್ಲಿ ಯೋಧರೊಡನೆ ಬದುಕುವವರು ಬಹುಪಾಲು ಎಂಬಿಬಿಎಸ್ ಮಾತ್ರ ಮುಗಿಸಿದ ತರುಣ ರೆಜಿಮೆಂಟಲ್ ವೈದ್ಯಾಧಿಕಾರಿಗಳು. ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವ ಎತ್ತರದ ಕಾಯಿಲೆಯನ್ನು ಮೊದಲ ಗಂಟೆಯಲ್ಲಿ ಗುರುತಿಸಿ ರೋಗಿಯನ್ನು ಕೆಳಗಿಳಿಸುವ ನಿರ್ಧಾರ ಅವರದು. ಆ ನಿರ್ಧಾರ ತಪ್ಪಿದರೆ ಕೆಳಗಿನ ಆಸ್ಪತ್ರೆಯಲ್ಲಿ ಎಷ್ಟು ಮಂದಿ ತಜ್ಞರಿದ್ದರೂ ಪ್ರಯೋಜನವಿಲ್ಲ. ಇಂಥ ಠಾಣೆಯಲ್ಲಿ ಕಳೆದ ಎರಡು ವರ್ಷ ಬಡ್ತಿಯ ತಕ್ಕಡಿಯಲ್ಲಿ ಹಗುರವಾಗಿ, ಅದೇ ಎರಡು ವರ್ಷ ಗ್ರಂಥಾಲಯದಲ್ಲಿ ಕುಳಿತವನದು ಭಾರವಾದರೆ, ಬುದ್ಧಿವಂತ ತರುಣರು ಯಾವ ದಾರಿ ಹಿಡಿಯುತ್ತಾರೆ? ಅವರನ್ನು ದೂಷಿಸುವಂತೆಯೂ ಇಲ್ಲ. ಪ್ರತಿಫಲ ಎಲ್ಲಿದೆಯೋ ಶ್ರಮ ಅತ್ತ ಹರಿಯುವುದು ಲೋಕರೂಢಿ.

ಇನ್ನೊಂದು ಬಗೆಯ ಉದಾಹರಣೆ ನಮ್ಮ ಬೆಂಗಳೂರಿನಲ್ಲಿಯೇ ಇದೆ. ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ 1957ರಿಂದ ಇಲ್ಲಿದೆ. ಗಗನಯಾನಕ್ಕೆ ಗಗನಯಾತ್ರಿಗಳನ್ನು ಆರಿಸುವ ವೈದ್ಯಕೀಯ ಪರೀಕ್ಷೆಗಳು 2019ರಲ್ಲಿ ನಡೆದದ್ದು ಇಲ್ಲಿಯೇ. ಅಲ್ಲಿ ವೈಮಾನಿಕ ವೈದ್ಯಶಾಸ್ತ್ರದಲ್ಲಿ ಎಂಡಿ ಮಾಡಿದವರಿಗೆ ಹೊರಗಿನ ಮಾರುಕಟ್ಟೆ ತೀರ ಕಿರಿದು, ಆದರೆ ವಾಯುಪಡೆಗೆ ಅವರಿಲ್ಲದೆ ನಡೆಯದು. ಚರ್ಮರೋಗ ತಜ್ಞರ ಸ್ಥಿತಿ ಇದಕ್ಕೆ ತದ್ವಿರುದ್ಧ: ಹೊರಗೆ ಅಪಾರ ಬೇಡಿಕೆ. ಇಬ್ಬರೂ ಓದಿದ್ದು ಮೂರು ವರ್ಷವೇ ಆದ್ದರಿಂದ ಜ್ಯೇಷ್ಠತೆಯ ಲೆಕ್ಕದಲ್ಲಿ ಇಬ್ಬರೂ ಸಮಾನರಾಗಿರಬೇಕಾದದ್ದು ನ್ಯಾಯ. ಆದರೆ ಯಾರನ್ನು ಉಳಿಸಿಕೊಳ್ಳಲು ಎಷ್ಟು ಹಣ ಬೇಕು, ಯಾವ ವಿದ್ಯೆಯನ್ನು ಸೈನ್ಯವೇ ತನ್ನ ಖರ್ಚಿನಲ್ಲಿ ಕಲಿಸಬೇಕು ಎಂಬ ಪ್ರಶ್ನೆಗಳಿಗೆ ನಕ್ಷತ್ರಗಳಲ್ಲಿ ಉತ್ತರವಿಲ್ಲ.

ದರ್ಜೆಯ ವಿಷಯದಲ್ಲಿ ಉದಾರವಾದರೆ ಶಿಸ್ತು ಸಡಿಲಗೊಳ್ಳುತ್ತದೆ, ಹತ್ತು ವರ್ಷ ಸೇವೆ ಮಾಡಿದವನ ಮೇಲೆ ನಿನ್ನೆ ಬಂದವನನ್ನು ಕೂರಿಸಿದಂತಾಗುತ್ತದೆ ಎಂಬ ಆಕ್ಷೇಪಣೆಯಿದೆ. ಇದರಲ್ಲಿ ಹುರುಳಿದೆ. ಆದರೆ ವೈದ್ಯಾಧಿಕಾರಿಗಳು ಯುದ್ಧದ ತುಕಡಿಗಳನ್ನು ಮುನ್ನಡೆಸುವವರಲ್ಲ. ಅವರ ಅಧಿಕಾರ ವೈದ್ಯಕೀಯ ಘಟಕಗಳಿಗೆ ಸೀಮಿತ. ಜೊತೆಗೆ ಪದವಿಯನ್ನು ಕಣ್ಣುಮುಚ್ಚಿ ಒಪ್ಪಿಕೊಳ್ಳದಿರುವ ವಿವೇಕವೂ ನಮ್ಮ ವ್ಯವಸ್ಥೆಯಲ್ಲಿದೆ. ಗ್ರೇಡೆಡ್ ಸ್ಪೆಷಲಿಸ್ಟ್, ಕ್ಲಾಸಿಫೈಡ್ ಸ್ಪೆಷಲಿಸ್ಟ್ ಎಂಬ ಶ್ರೇಣಿಗಳಿದ್ದು, ತಜ್ಞನ ಕೆಲಸವನ್ನು ನೋಡಿದ ನಂತರವೇ ಅವನನ್ನು ಮೇಲಿನ ಶ್ರೇಣಿಗೆ ಸೇರಿಸಿಕೊಳ್ಳಲಾಗುತ್ತದೆ. ದರ್ಜೆಯಿಂದ ಬೇರೆಯಾಗಿ ಕೌಶಲವನ್ನು ಅಳೆಯುವ ಉಪಕರಣ ಕೈಯಲ್ಲಿಯೇ ಇದೆ ಎಂದಾಯಿತು. ಅದಕ್ಕೆ ತಕ್ಕ ಹಣವನ್ನು ಜೋಡಿಸುವುದಷ್ಟೇ ಬಾಕಿ.

ಆದ್ದರಿಂದ ನನ್ನ ಸಲಹೆ ಮೂರು. ಮಾನ್ಯತೆ ಪಡೆದ ವ್ಯಾಸಂಗದ ಪ್ರತಿ ವರ್ಷಕ್ಕೂ ಪೂರ್ಣ ಒಂದು ವರ್ಷದ ಜ್ಯೇಷ್ಠತೆ ಕೊಡಬೇಕು. ಎಂಡಿ ಮೇಲೆ ಡಿಎಂ ಅಥವಾ ಎಂಸಿಎಚ್ ಮಾಡಿದವರಿಗೆ ಆ ಲೆಕ್ಕದಂತೆ ಮೇಜರ್ ದರ್ಜೆಯಲ್ಲಿಯೇ ಪ್ರವೇಶ ಸಿಗುವುದಾದರೆ ಸಿಗಲಿ. ಎರಡನೆಯದಾಗಿ, ತಜ್ಞತೆಯ ಮಾರುಕಟ್ಟೆ ಬೆಲೆಯನ್ನು ದರ್ಜೆಯ ಮೂಲಕವಲ್ಲದೆ ವಿಭಾಗವಾರು ಭತ್ಯೆಯ ಮೂಲಕ ಕೊಡಬೇಕು. ಅಮೆರಿಕ ಸೈನ್ಯ ಮಾಡುತ್ತಿರುವುದು ಇದನ್ನೇ. ಅಲ್ಲಿ ಒಂದೇ ದರ್ಜೆಯ ಇಬ್ಬರು ವೈದ್ಯರ ವಿಶೇಷ ಭತ್ಯೆ ಅವರವರ ವಿಭಾಗಕ್ಕೆ ತಕ್ಕಂತೆ ಬೇರೆ ಬೇರೆಯಾಗಿರುತ್ತದೆ. ಮೂರನೆಯದಾಗಿ, ದುರ್ಗಮ ಠಾಣೆಗಳ ಸೇವೆಗೆ ಬಡ್ತಿಯಲ್ಲಿಯೂ ಸ್ನಾತಕೋತ್ತರ ಪ್ರವೇಶದಲ್ಲಿಯೂ ಓದಿನಷ್ಟೇ ತೂಕ ಇರಬೇಕು. ವೈದ್ಯಕೀಯ ಘಟಕಗಳ ಮುಂದಾಳುತನ ಮಾತ್ರ ಎಂದಿಗೂ ಪ್ರಮಾಣಪತ್ರದ ಬಲದಿಂದ ಬರಬಾರದು. ಅದನ್ನು ಸೇವೆಯಲ್ಲಿಯೇ ಗಳಿಸಬೇಕು.

ಇದಕ್ಕೆ ಹೆಚ್ಚಿನ ಹಣ ಬೇಕಾಗುತ್ತದೆ ಎಂಬುದನ್ನು ಬಲ್ಲೆ. ತಜ್ಞರು ಬಾರದೆ ಹೋದರೂ ಬಂದವರು ಅವಧಿ ಮುಗಿಸಿ ಹೊರಟುಹೋದರೂ ತೆರಬೇಕಾದ ಬೆಲೆ ಇದ್ದೇ ಇರುತ್ತದೆ. ಆ ಬೆಲೆ ಯಾವ ಆಯವ್ಯಯ ಪತ್ರದಲ್ಲಿಯೂ ಕಾಣಿಸುವುದಿಲ್ಲ. ಅದನ್ನು ತೆರುವವನು ಭುಜದ ಮೇಲೆ ಒಂದು ನಕ್ಷತ್ರವೂ ಇಲ್ಲದ ಸಾಮಾನ್ಯ ಸಿಪಾಯಿ.