ಕಾಂಗ್ರೆಸ್ ಗಿಡವನ್ನು ಕುರಿತು ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳವರಿಗೆ,

ಚರ್ಮರೋಗವನ್ನು ಕುರಿತ ಅಹವಾಲು ಆರೋಗ್ಯಾಧಿಕಾರಿಗಳಿಗೆ ಸಲ್ಲತಕ್ಕದ್ದೇ ಹೊರತು ತಮಗಲ್ಲವೆಂದು ಕಚೇರಿಯ ಗುಮಾಸ್ತರು ಈ ಕಾಗದವನ್ನು ಬೇರೊಂದು ಮೇಜಿಗೆ ದಾಟಿಸುವ ಸಂಭವವುಂಟು. ಆದಕಾರಣ ಮೊದಲಿಗೇ ಅರಿಕೆ ಮಾಡಿಕೊಳ್ಳುತ್ತೇನೆ: ನಾನು ಹೇಳಹೊರಟಿರುವ ಇಸುಬಿನ ಮೂಲವು ರೋಗಿಯ ಮನೆಯೊಳಗಿಲ್ಲ, ಗೋಮಾಳದಲ್ಲಿ, ಕೆರೆಯ ಏರಿಯ ಮೇಲೆ, ಶಾಲೆಯ ಹಿಂಬದಿಯಲ್ಲಿ, ರಸ್ತೆಯ ಇಕ್ಕೆಲಗಳಲ್ಲಿ, ಎಂದರೆ ತಮ್ಮ ಆಡಳಿತವ್ಯಾಪ್ತಿಗೆ ಸೇರಿದ ನೆಲದಲ್ಲಿಯೇ ಅದು ಸೊಂಪಾಗಿ ಬೆಳೆದು ನಿಂತಿದೆ.

1956ರಲ್ಲಿ ಪುಣೆಯಲ್ಲಿ ಕಂಡುಬಂದುದಾಗಿ ವರದಿಯಾದ, ಪರದೇಶದ ಗೋಧಿಯೊಡನೆ ಬಂದಿತೆಂದು ಸಾಮಾನ್ಯವಾಗಿ ನಂಬಲಾದ ಪಾರ್ಥೇನಿಯಂ ಕಳೆಯು ನಮ್ಮ ಜನರ ಬಾಯಲ್ಲಿ ಕಾಂಗ್ರೆಸ್ ಗಿಡವಾಗಿ ನೆಲೆನಿಂತಿದೆ. ಅದರ ಎಲೆ, ಕಾಂಡ, ಹೂಗಳ ಮೇಲಿನ ಸೂಕ್ಷ್ಮ ರೋಮಗಳಲ್ಲಿರುವ ಪಾರ್ಥೆನಿನ್ ಎಂಬ ದ್ರವ್ಯವು ಕೆಲವರ ಚರ್ಮಕ್ಕೆ ಒಗ್ಗದು. ಗಿಡವನ್ನು ಮುಟ್ಟಲೇಬೇಕೆಂದಿಲ್ಲ, ಒಣಗಿದ ಗಿಡದ ಧೂಳು ಗಾಳಿಯಲ್ಲಿ ತೇಲಿಬಂದರೂ ಸಾಕು. ಒಕ್ಕಲುತನದಲ್ಲಿಯೇ ಆಯುಷ್ಯವನ್ನು ಸವೆಸಿದ ನನ್ನ ಅಣ್ಣನವರ ರೆಪ್ಪೆಗಳು ದಪ್ಪಗಟ್ಟಿ, ಹಣೆಯ ಗೆರೆಗಳು ನೇಗಿಲ ಸಾಲಿನಂತೆ ಆಳವಾಗಿ, ಕಿವಿಯ ಹಿಂಭಾಗವೂ ಮೊಣಕೈಯ ಒಳಮಡಿಕೆಯೂ ಕಪ್ಪಿಟ್ಟು ಒಡೆದಾಗ, ಮನೆಯವರೆಲ್ಲರೂ ಅದನ್ನು ನಂಜೆಂದೇ ಬಗೆದು ಮೊದಲು ಬದನೆಕಾಯಿಯನ್ನೂ ಆಮೇಲೆ ಕಡಲೆಬೇಳೆಯನ್ನೂ ಬಿಡಿಸಿದರು. ಬದನೆಕಾಯಿ ಪಾಪ ನಿರಪರಾಧಿಯಾಗಿತ್ತು. ಬೆನ್ನಿಗೆ ಪಟ್ಟಿಗಳನ್ನಂಟಿಸಿ ನೋಡುವ ಪರೀಕ್ಷೆಯನ್ನು ಚರ್ಮವೈದ್ಯರು ಮಾಡಿದ ಬಳಿಕವೇ ನಿಜವಾದ ಅಪರಾಧಿ ಬೇಲಿಯ ಬುಡದಲ್ಲಿರುವುದು ತಿಳಿಯಿತು.

ಇಸುಬಿನವರ ದಿನಚರಿಯು ಎಂತಹ ವ್ರತವೆಂಬುದನ್ನು ತಾವು ಅವಲೋಕಿಸಬೇಕು. ಹಂಡೆಯ ಕುದಿನೀರನ್ನು ಹುಯ್ದು, ಸೀಗೆಪುಡಿಯಿಂದ ಮೈ ತಿಕ್ಕಿಸಿಕೊಳ್ಳುತ್ತಿದ್ದ ಭಾನುವಾರದ ಅಭ್ಯಂಜನವನ್ನು ಅಣ್ಣನವರು ತ್ಯಜಿಸಬೇಕಾಯಿತು. ಏಕೆಂದರೆ ಬಿಸಿನೀರೂ ಕಟುವಾದ ಸಾಬೂನೂ ಚರ್ಮದ ಸಹಜವಾದ ಜಿಡ್ಡನ್ನು ತೊಳೆದುಹಾಕಿ, ಮೊದಲೇ ಬಿರುಕುಬಿಟ್ಟ ಆ ರಕ್ಷಣೆಯನ್ನು ಇನ್ನಷ್ಟು ಶಿಥಿಲಗೊಳಿಸುತ್ತವೆ. ಈಗ ಅವರದು ಉಗುರುಬೆಚ್ಚನೆಯ ನೀರಿನ ಅಲ್ಪಕಾಲದ ಸ್ನಾನ. ಸಾಬೂನು ಕಂಕುಳು ತೊಡೆಸಂದುಗಳಿಗೆ ಮಾತ್ರ. ತೆಳುವಾದ ವಸ್ತ್ರದಿಂದ ಉಜ್ಜದೆ ಒತ್ತಿಕೊಂಡು, ಮೈಯಲ್ಲಿ ತೇವವಿರುವಾಗಲೇ ವ್ಯಾಸಲೀನನ್ನಾಗಲಿ ಕೊಬ್ಬರಿ ಎಣ್ಣೆಯನ್ನಾಗಲಿ ಲೇಪಿಸಿಕೊಳ್ಳುತ್ತಾರೆ. ಹೊಲದಿಂದ ಮರಳಿದೊಡನೆ ಹಿತ್ತಲಲ್ಲಿಯೇ ಬಟ್ಟೆ ಬದಲಿಸಿ ಮುಖ, ಕತ್ತುಗಳನ್ನು ತೊಳೆಯುತ್ತಾರೆ. ಒಗೆದ ಅಂಗಿಯನ್ನು ಬೇಲಿಯ ಮೇಲೆ ಹರವುವುದೂ ನಿಂತಿತು. ಅತ್ತಿಗೆಯವರು ಜಗಲಿಯೊಳಗೆ ಹಗ್ಗ ಕಟ್ಟಿದ್ದಾರೆ. ರಾತ್ರಿ ಅರಿವಿಲ್ಲದೆ ಕೆರೆದುಕೊಳ್ಳುವ ಭಯದಿಂದ ಉಗುರುಗಳನ್ನು ಬುಡಮಟ್ಟ ಕತ್ತರಿಸಿಕೊಳ್ಳುತ್ತಾರೆ. ಇಷ್ಟೆಲ್ಲವನ್ನೂ ನಿಷ್ಠೆಯಿಂದ ನಡೆಸಿದರೂ, ಮನೆಯ ಮುಂದಿನ ಸರ್ಕಾರಿ ಬೀಳಿನಿಂದ ಗಾಳಿ ಬೀಸಿದ ಮರುದಿನ ಕಣ್ಣುಗಳು ಬಾತುಕೊಳ್ಳುತ್ತವೆ.

ಇಂತಹವರಲ್ಲಿ ಅನೇಕರು ದೂರದ ಚರ್ಮವೈದ್ಯರ ಬಳಿಗೆ ಹೋಗಲಾರದೆ ಔಷಧದಂಗಡಿಯ ಮುಲಾಮನ್ನು ನೆಚ್ಚುತ್ತಾರೆ. ಸ್ಟೆರಾಯ್ಡ್ ಲೇಪನವು ವೈದ್ಯರ ಅಂಕೆಯಲ್ಲಿ ಬಳಸಿದರೆ ಒಳ್ಳೆಯ ಔಷಧವೇ. ಅಂಕೆಯಿಲ್ಲದೆ ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳುವಾಗಿ ಕೆಂಪುನರಗಳು ಮೂಡುತ್ತವೆ. ಇಂತಹ ಲೇಪನಗಳಲ್ಲಿ ಹಲವನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು 2018ರಲ್ಲಿ ಕೇಂದ್ರ ಸರ್ಕಾರವು ವಿಧಿಸಿದೆ. ಅಂಗಡಿಗಳಲ್ಲಿ ಆ ವಿಧಿಗೆ ದೊರೆಯುವ ಮರ್ಯಾದೆಯನ್ನು ತಾವೇ ಒಮ್ಮೆ ಹೋಗಿ ಕಾಣಬಹುದು.

ಗಿಡದ ವಿಷಯದಲ್ಲಿಯೂ ಕಾನೂನು ನಮ್ಮಲ್ಲಿ ಇಲ್ಲದಿಲ್ಲ. ಕರ್ನಾಟಕ ಸರ್ಕಾರವು 1975ರಲ್ಲಿಯೇ ಈ ಗಿಡವನ್ನು ಉಪದ್ರವಕಾರಿ ಕಳೆಯೆಂದು ಘೋಷಿಸಿತು. ಮೆಕ್ಸಿಕೋದಿಂದ ತರಿಸಿದ, ಇದರ ಎಲೆಯನ್ನು ತಿನ್ನುವ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಆ ಕೀಟವು ತನ್ನ ಪಾಲಿನ ಕೆಲಸವನ್ನು ಮಳೆಗಾಲದಲ್ಲಿ ಮಾಡುತ್ತಲೇ ಇದೆ. ನಮ್ಮ ಆಡಳಿತದ ಪಾಲಿನದು ಮಾತ್ರ ತಡವಾಗುತ್ತದೆ. ಪ್ರತಿವರ್ಷ ಆಗಸ್ಟ್ 16ರಿಂದ 22ರವರೆಗೆ ಪಾರ್ಥೇನಿಯಂ ಜಾಗೃತಿ ಸಪ್ತಾಹವನ್ನು ಆಚರಿಸಲಾಗುತ್ತದೆ. ಅದು ಮಖೆ ಮಳೆಯ ಕಾಲ. ಭರಣಿ, ಕೃತ್ತಿಕೆಗಳಲ್ಲಿ ಮೊಳೆತ ಗಿಡವು 4ರಿಂದ 6 ವಾರಗಳಲ್ಲಿ ಹೂ ತಳೆಯುವುದರಿಂದ, ಬ್ಯಾನರು ಕಟ್ಟಿ ಭಾಷಣ ಮಾಡುವ ಹೊತ್ತಿಗೆ ಬೀಜ ನೆಲಕ್ಕೆ ಉದುರಿ ಮುಗಿದಿರುತ್ತದೆ. ಚೆನ್ನಾಗಿ ಬಲಿತ ಒಂದೇ ಗಿಡ 15,000ಕ್ಕೂ ಮಿಕ್ಕಿ ಬೀಜ ಚೆಲ್ಲಬಲ್ಲದು. ಹೂವಾದ ಮೇಲೆ ಕೊಯ್ದು ದಾರಿಯ ಬದಿಗೆ ರಾಶಿಹಾಕುವುದಂತೂ ಬಿತ್ತನೆಯೇ ಸರಿ. ಮೇಲಾಗಿ ಆ ರಾಶಿ ಒಣಗಿ ಪುಡಿಯಾಗಿ ನಮ್ಮ ಮುಖಗಳ ಮೇಲೆ ಬಂದು ಕೂರುತ್ತದೆ. ಈ ಗಿಡವನ್ನು ಕೀಳುವ ಕೂಲಿಯ ಹೆಂಗಸರ ಕೈಗಳನ್ನು ತಾವು ನೋಡಿದ್ದೀರಾ? ಬರಿಗೈಯಲ್ಲಿ ಕಿತ್ತು, ಅದೇ ಕೈಯಲ್ಲಿ ಬೆವರೊರೆಸಿಕೊಂಡು, ಸಂಜೆಗೆ ಕತ್ತೆಲ್ಲ ತುರಿಸಿಕೊಳ್ಳುತ್ತ ಮನೆಗೆ ಹೋಗುತ್ತಾರೆ.

ಆದುದರಿಂದ ತಮ್ಮಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಸಪ್ತಾಹವು ಆಗಸ್ಟಿನಲ್ಲಿ ನಡೆಯುವುದಾದರೆ ನಡೆಯಲಿ. ಆದರೆ ಗೋಮಾಳ, ಕೆರೆಯಂಗಳ, ಶಾಲೆಯ ಆವರಣಗಳಲ್ಲಿನ ಗಿಡಗಳನ್ನು ಹೂವಾಗುವ ಮುನ್ನ, ಮೃಗಶಿರೆ ಮಳೆಯ ಒಳಗಾಗಿ, ಬೇರುಸಹಿತ ಕೀಳಿಸಿ ಗುಂಡಿಯಲ್ಲಿ ಮುಚ್ಚಿ ಗೊಬ್ಬರವಾಗಿಸಬೇಕೆಂದು ಪಂಚಾಯಿತಿಗಳಿಗೆ ಸುತ್ತೋಲೆ ಹೊರಡಿಸಬೇಕು. ಕೀಳುವವರಿಗೆ ಕೈಗವಸು, ತುಂಬುತೋಳಿನ ಅಂಗಿ, ಮುಖಕ್ಕೆ ಮುಸುಕು ಒದಗಬೇಕು. ಈಗಾಗಲೇ ತುರಿಕೆಯಿರುವವರನ್ನು ಕೂಲಿಗೆ ಚ್ಯುತಿಯಿಲ್ಲದಂತೆ ಬೇರೆ ಕೆಲಸಕ್ಕೆ ಹಚ್ಚಬೇಕು. ಆ ಸುತ್ತೋಲೆಯು ಮುಂದಿನ ಭರಣಿಗೆ ಮೊದಲು ಗ್ರಾಮಗಳನ್ನು ತಲುಪಬೇಕಾಗಿರುವುದರಿಂದ, ಈ ಪತ್ರವನ್ನು ಟಪಾಲಿಗೆ ಹಾಕಿದ್ದಲ್ಲದೆ ಎಲ್ಲರೂ ಓದುವಂತೆ ಪ್ರಕಟಿಸುತ್ತಲೂ ಇದ್ದೇನೆ.

ಇಂತಿ,
ತಮ್ಮ ಜಿಲ್ಲೆಯ ಓರ್ವ ನಿವಾಸಿ