ಎರಡು ತೂಕದ ಕಲ್ಲುಗಳು



ಚೋರನೂರಿನ ಕುಟುಂಬವೊಂದರ ಮನೆಗೆ ಸಂಜೆಯ ಜಪಸರಕ್ಕೆಂದು ಹೋಗಿದ್ದೆವು. ಹೊಸ್ತಿಲು ದಾಟುವ ಮೊದಲೇ ಜಗಳದ ದನಿ ಕಿವಿಗೆ ಬಿತ್ತು. ಮಗನಿಗೆ ಕ್ರಿಕೆಟ್ ಬೇಕು, ಸೊಸೆಗೆ ಧಾರಾವಾಹಿ ಬೇಕು, ಯಜಮಾನರಿಗೆ ವಾರ್ತೆ ಬೇಕು. ರಿಮೋಟು ಯಜಮಾನರ ಕೈಯಲ್ಲಿತ್ತು. “ಧಾರಾವಾಹಿಯಲ್ಲಿ ಬರೀ ಜಗಳ, ಮನೆ ಮುರಿಯುವ ಪಾಠ” ಎಂದು ಅವರು ತೀರ್ಪಿತ್ತರು. ಅವರು ನೋಡುತ್ತಿದ್ದ ಚರ್ಚೆಯಲ್ಲಾದರೋ ನಾಲ್ವರು ಗಣ್ಯರು ಏಕಕಾಲಕ್ಕೆ ಅರಚುತ್ತಿದ್ದರು! ನಮಗೆ ನಗು ಬಂತು. ಕೊಂಚ ತಡವಾಗಿ ಅವರಿಗೂ ಬಂತು.

ಇದು ಚಿಕ್ಕ ಸಂಗತಿಯೆಂದು ತಳ್ಳಿಹಾಕುವಂತಿಲ್ಲ. ರಿಮೋಟು ಇನ್ನೊಬ್ಬರ ಕೈಯಲ್ಲಿರುವಾಗ ನಾವು ನ್ಯಾಯದ ಮಾತನಾಡುತ್ತೇವೆ. ನಮ್ಮ ಕೈಗೆ ಬಂದೊಡನೆ ಹಕ್ಕಿನ ಮಾತನಾಡುತ್ತೇವೆ. ಮನೆಯಲ್ಲಿ ಕಲಿತ ಈ ಪಾಠವೇ ದೊಡ್ಡದಾಗಿ ಬೆಳೆದು ವಿಧಾನಸೌಧದಲ್ಲಿಯೂ ಸಂಸತ್ತಿನಲ್ಲಿಯೂ ಕಾಣಿಸಿಕೊಳ್ಳುತ್ತದೆ.

ದೂರದರ್ಶನದ ಕಥೆಯನ್ನೇ ನೋಡೋಣ. 1975ರಿಂದ 77ರವರೆಗಿನ ತುರ್ತು ಪರಿಸ್ಥಿತಿಯಲ್ಲಿ ಆಕಾಶವಾಣಿ ಮತ್ತು ದೂರದರ್ಶನಗಳು ಸರ್ಕಾರದ ತುತ್ತೂರಿಗಳಾಗಿದ್ದವು. ಅವುಗಳಿಗೆ ಸ್ವಾಯತ್ತತೆ ನೀಡುವುದಾಗಿ ಜನತಾ ಪಕ್ಷ ಮಾತು ಕೊಟ್ಟಿತು. ಬಿ.ಜಿ. ವರ್ಗೀಸ್ ಸಮಿತಿ 1978ರಲ್ಲಿ ವರದಿಯನ್ನೂ ಸಲ್ಲಿಸಿತು. ಆದರೆ ಪ್ರಸಾರ ಭಾರತಿ ಕಾಯ್ದೆ ಅಂಗೀಕಾರವಾದುದು 1990ರಲ್ಲಿ. ಜಾರಿಗೆ ಬಂದುದು 1997ರಲ್ಲಿ. ಈ ನಡುವೆ ದೆಹಲಿಯ ಗದ್ದುಗೆಯಲ್ಲಿ ಹಲವು ಪಕ್ಷಗಳು ಕುಳಿತೆದ್ದವು. ವಿರೋಧ ಪಕ್ಷದಲ್ಲಿದ್ದಾಗ ಸ್ವಾಯತ್ತತೆಯನ್ನು ಬೇಡಿದವರಿಗೆ ಅಧಿಕಾರ ಬಂದ ಮೇಲೆ ಅವಸರವಿರಲಿಲ್ಲ.

ನಮ್ಮ ಸಂಡೂರು ಸೀಮೆಗೆ ಇನ್ನೂ ಹತ್ತಿರದ ನಿದರ್ಶನವಿದೆ. ಅದಿರಿನ ಲಾರಿಗಳ ಕೆಂಧೂಳನ್ನು ಉಂಡವರು ನಾವು. ಅಕ್ರಮ ಗಣಿಗಾರಿಕೆಯ ವಿರುದ್ಧ 2010ರಲ್ಲಿ ಕಾಂಗ್ರೆಸ್ ನಾಯಕರು ಬೆಂಗಳೂರಿನಿಂದ ಬಳ್ಳಾರಿಯವರೆಗೆ ಸುಮಾರು 320 ಕಿಲೋಮೀಟರ್ ಪಾದಯಾತ್ರೆ ಮಾಡಿದರು. 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ ಬಂತು. ಅಂದಿನ ಬಿಜೆಪಿ ಮುಖ್ಯಮಂತ್ರಿ ರಾಜೀನಾಮೆ ನೀಡಿದರು. ಲೋಕಾಯುಕ್ತದ ಬಲವೇನೆಂಬುದನ್ನು ನಾಡು ಕಂಡಿತು. ಆದರೆ 2016ರ ಮಾರ್ಚ್‌ನಲ್ಲಿ, ಪಾದಯಾತ್ರೆ ಮಾಡಿದವರ ಸರ್ಕಾರವೇ ಭ್ರಷ್ಟಾಚಾರ ನಿಗ್ರಹ ದಳವನ್ನು ರಚಿಸಿ, ಲೋಕಾಯುಕ್ತ ಪೊಲೀಸರ ಕೈಯಿಂದ ಮುಖ್ಯ ಅಸ್ತ್ರವನ್ನು ಕಸಿದುಕೊಂಡಿತು. ಹೊಸ ದಳ ಮುಖ್ಯಮಂತ್ರಿಯ ಅಧೀನದಲ್ಲಿತ್ತು. ವಿರೋಧ ಪಕ್ಷಗಳು ಇದನ್ನು ಕಟುವಾಗಿ ಖಂಡಿಸಿದವು. ಆದರೆ 2018ರಲ್ಲಿ ಬಂದ ಮೈತ್ರಿ ಸರ್ಕಾರದಲ್ಲಿಯೂ, 2019ರಲ್ಲಿ ಬಂದ ಬಿಜೆಪಿ ಸರ್ಕಾರದಲ್ಲಿಯೂ ಆ ದಳ ಹಾಗೆಯೇ ಮುಂದುವರಿಯಿತು. ಕೊನೆಗೆ 2022ರ ಆಗಸ್ಟ್ 11ರಂದು ಅದನ್ನು ರದ್ದುಪಡಿಸಿದುದು ಹೈಕೋರ್ಟು. ಬಾಗಿಲು ತಟ್ಟಿದವರು ಬೆಂಗಳೂರು ವಕೀಲರ ಸಂಘವೇ ಮೊದಲಾದ ಅರ್ಜಿದಾರರು.

ಹಾಗಾದರೆ ಎಲ್ಲರೂ ಒಂದೇ ಎಂದು ಕೈಚೆಲ್ಲಬೇಕೇ? ಕೂಡದು. ಅದು ವಿವೇಕವಲ್ಲ, ಆಲಸ್ಯ. ಕಾನೂನು ಸರ್ವರ ಹಿತಕ್ಕಾಗಿ ವಿವೇಚನೆ ವಿಧಿಸಿದ ಕಟ್ಟಳೆ ಎಂಬುದು ಸಂತ ತೋಮಸ್ ಅಕ್ವಿನಾಸರ ವಿಚಾರ. ಇಲ್ಲಿ ‘ಸರ್ವರ’ ಎಂಬ ಮಾತು ಮುಖ್ಯ. ಮುಖ ನೋಡಿ ಅಳತೆ ಬದಲಿಸುವ ಅಧಿಕಾರವು ಬಲವಾಗಿ ಉಳಿದೀತು, ನ್ಯಾಯವಾಗಿ ಉಳಿಯದು. ಆದುದರಿಂದ ಯಾವ ಅಧಿಕಾರವನ್ನು ಬೆಂಬಲಿಸುವ ಮುನ್ನವೂ ಒಂದು ಪ್ರಶ್ನೆ ಹಾಕಿಕೊಳ್ಳಬೇಕು: ಇದೇ ಅಧಿಕಾರ ನಾಳೆ ನಮಗೆ ಒಲ್ಲದವರ ಕೈಗೆ ಹೋದರೆ ಒಪ್ಪುವೆವೇ? ಒಪ್ಪೆವು ಎಂದಾದರೆ ಇಂದೂ ಒಪ್ಪಬಾರದು.

ಚೀಲದಲ್ಲಿ ಎರಡು ಬಗೆಯ ತೂಕದ ಕಲ್ಲುಗಳನ್ನು, ಒಂದು ದೊಡ್ಡದು ಒಂದು ಚಿಕ್ಕದು, ಇಟ್ಟುಕೊಳ್ಳುವುದನ್ನು ಧರ್ಮೋಪದೇಶಕಾಂಡ ನಿಷೇಧಿಸುತ್ತದೆ. ಆ ಚೀಲ ರಾಜಕಾರಣಿಗಳ ಹೆಗಲಲ್ಲಿ ಮಾತ್ರವಿದೆಯೇ? 2022ರಲ್ಲಿ ಕರ್ನಾಟಕದಲ್ಲಿ ಮತಾಂತರ ನಿಷೇಧ ಕಾಯ್ದೆ ಜಾರಿಯಾದಾಗ ನಾವು ಸಂವಿಧಾನದ 25ನೇ ವಿಧಿಯನ್ನು ಎತ್ತಿಹಿಡಿದೆವು. ಸರಿಯಾಗಿಯೇ ಮಾಡಿದೆವು. ಆದರೆ ನೆರೆಯ ಬೇರೆ ಸಮುದಾಯದವರಿಗೆ ಅನ್ಯಾಯವಾದಾಗ ಅದೇ ದನಿಯಲ್ಲಿ ಮಾತನಾಡಿದೆವೇ? ಸರ್ಕಾರದಿಂದ ಲೆಕ್ಕ ಕೇಳುವ ನಾವು ನಮ್ಮ ಧರ್ಮಕೇಂದ್ರದ ಲೆಕ್ಕವನ್ನು ಒಂದು ವರ್ಷ ವಿಶ್ವಾಸಿಗಳ ಮುಂದೆ ಓದದೇ ಬಿಟ್ಟಿದ್ದೆವು. ಹಿರಿಯರೊಬ್ಬರು ಕೇಳಿದಾಗ ಮನಸ್ಸಿನಲ್ಲಿ ಮುನಿದೂ ಇದ್ದೆವು. ತನ್ನ ಎಲೆಯಲ್ಲಿ ಸತ್ತ ಹೆಗ್ಗಣವಿದ್ದರೂ ಪರರ ಎಲೆಯ ನೊಣ ತೋರಿಸುವ ಗಾದೆ ನಮಗೂ ಸಲ್ಲುತ್ತದೆ. ಮರುವರ್ಷದಿಂದ ಲೆಕ್ಕ ಓದುತ್ತಿದ್ದೇವೆ.

ತಂದೆತಾಯಿಗಳಲ್ಲಿ ನಮ್ಮ ವಿನಂತಿ ಇಷ್ಟೇ. ಪ್ರಾಮಾಣಿಕ ರಾಜಕಾರಣ ಬೇಕೆಂದು ಹಂಬಲಿಸುವವರು ಮನೆಯ ರಿಮೋಟಿನಿಂದಲೇ ಆರಂಭಿಸಲಿ. ಸರದಿ ಇರಲಿ, ಆ ಸರದಿ ಹಿರಿಯರಿಗೂ ಅನ್ವಯಿಸಲಿ. ತನಗೆ ಅನನುಕೂಲವಾದಾಗಲೂ ಅಪ್ಪ ನಿಯಮಕ್ಕೆ ತಲೆಬಾಗುವುದನ್ನು ಕಂಡ ಮಗು, ಮುಂದೆ ಅಧಿಕಾರದ ಕುರ್ಚಿಯಲ್ಲಿ ಕುಳಿತರೂ ಅದನ್ನು ಮರೆಯಲಾರದು.

ಅಂದು ಚೋರನೂರಿನ ಆ ಮನೆಯಲ್ಲಿ ಟಿ.ವಿ. ಆರಿಸಿ ಎಲ್ಲರೂ ಜಪಸರ ಹೇಳಿದೆವು. ಮುಗಿದ ಮೇಲೆ ಯಜಮಾನರು ರಿಮೋಟನ್ನು ಸೊಸೆಯ ಕೈಗಿತ್ತು, “ಇವತ್ತು ನಿನ್ನ ಸರದಿ, ತಾಯಿ” ಎಂದರು. ಧಾರಾವಾಹಿ ಅರ್ಧ ಮುಗಿದಿತ್ತು. ಆದರೂ ಅವರೆಲ್ಲರೂ ಕುಳಿತು ನೋಡಿದರು.